ಹಳೆಯ ಎಂಪಿಎಫ್‌ಐ ಕಾರಿಗೆ ಕಡಿಮೆ ಖರ್ಚಿನ ಪರೀಕ್ಷಾ ಉಪಕರಣಗಳು: ಏನು ಕೊಳ್ಳಬೇಕು, ಹೇಗೆ ಬಳಸಬೇಕು

ಮಾರುತಿ ಝೆನ್, ಎಸ್ಟೀಮ್, ಡೇವೂ ಸಿಯೆಲೊ, ಮೊದಲ ಹೋಂಡಾ ಸಿಟಿ, ಓಪೆಲ್ ಆಸ್ಟ್ರಾ, ಡಬ್ಲ್ಯೂ124 ಮರ್ಸಿಡಿಸ್. ಇಂಥ ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆಲ್ಲ ಒಂದು ಕಷ್ಟ ಗೊತ್ತಿರುತ್ತದೆ. ಕಾರ್ಬುರೇಟರ್ ಕಾಲದ ಮೇಸ್ತ್ರಿಗಳು ಇಂಜೆಕ್ಟರ್ ಅಂದರೆ ಕೈ ಹಾಕುವುದಿಲ್ಲ. ಹೊಸಬರು ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಸಿಕ್ಕಿಸಿ ನೋಡಿ, "ಕನೆಕ್ಟ್ ಆಗ್ತಿಲ್ಲ ಸಾರ್" ಎನ್ನುತ್ತಾರೆ. ಆಮೇಲೆ ಶುರುವಾಗುವುದು ಅಂದಾಜಿನ ರಿಪೇರಿ. ಮೊದಲು ಆಕ್ಸಿಜನ್ ಸೆನ್ಸರ್, ಆಮೇಲೆ ಫ್ಯೂಯೆಲ್ ಪಂಪ್, ಕೊನೆಗೆ "ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿರಬಹುದು" ಎಂಬ ತೀರ್ಪು. ಸಾವಿರಾರು ರೂಪಾಯಿ ಹೋಗುತ್ತದೆ, ಮಿಸ್ಸಿಂಗ್ ಮಾತ್ರ ಹಾಗೇ ಇರುತ್ತದೆ.

ಇದಕ್ಕೆಲ್ಲ ದುಬಾರಿ ಯಂತ್ರ ಬೇಕಾಗಿಲ್ಲ. ಈ ಕಾರುಗಳ ಇಂಜೆಕ್ಷನ್ ಸಿಸ್ಟಮ್ ಸರಳ. ಒಂದು ಒಳ್ಳೆಯ ಮಲ್ಟಿಮೀಟರ್, ಒಂದು ಪೆಟ್ರೋಲ್ ಪ್ರೆಷರ್ ಗೇಜ್, ಒಂದು ಎಲ್‌ಇಡಿ, ಒಂದು ತುಂಡು ವೈರ್ ಇದ್ದರೆ ಹೆಚ್ಚಿನ ತೊಂದರೆಗಳ ಮೂಲ ಸಿಗುತ್ತದೆ. ಸ್ಕ್ಯಾನರ್ ಕೊನೆಗೆ ಕೊಳ್ಳುವ ವಸ್ತು. ಬಹಳ ಜನ ಮೊದಲು ಅದನ್ನೇ ಕೊಳ್ಳುತ್ತಾರೆ, ಅಲ್ಲೇ ದುಡ್ಡು ಪೋಲಾಗುತ್ತದೆ.

ಹಂತ 1: ನಿಮ್ಮ ಕಾರಿನಲ್ಲಿ ಯಾವ ಸಿಸ್ಟಮ್ ಇದೆ ಎಂದು ಗುರುತಿಸಿ

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಈ ಕೆಲಸ ಆಗಬೇಕು. ಹಳೆಯ ಇಂಜೆಕ್ಷನ್ ಕಾರುಗಳನ್ನು ಸುಮಾರಾಗಿ ನಾಲ್ಕು ಗುಂಪು ಮಾಡಬಹುದು.

ಮೊದಲನೆಯದು ಪೂರ್ತಿ ಮೆಕ್ಯಾನಿಕಲ್. ಬಾಷ್ ಕಂಪನಿ 1973ರಲ್ಲಿ ತಂದ ಕೆ-ಜೆಟ್ರಾನಿಕ್ ಇದಕ್ಕೆ ಉದಾಹರಣೆ. ಹೊರದೇಶದಿಂದ ಬಂದ ಹಳೆಯ ಮರ್ಸಿಡಿಸ್, ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಸಿಗುತ್ತದೆ. ಇದರಲ್ಲಿ ಇಂಜೆಕ್ಟರ್‌ಗಳು ನಿಲ್ಲದೆ ಪೆಟ್ರೋಲ್ ಸಿಂಪಡಿಸುತ್ತಲೇ ಇರುತ್ತವೆ. ಸ್ಕ್ಯಾನರ್ ಹಾಕುವ ಜಾಗವೇ ಇಲ್ಲ. ಪ್ರೆಷರ್ ಗೇಜೇ ಇದರ ಸ್ಕ್ಯಾನರ್.

ಎರಡನೆಯದು ಎಲೆಕ್ಟ್ರಾನಿಕ್, ಆದರೆ ತಪ್ಪನ್ನು ನೆನಪಿಟ್ಟುಕೊಳ್ಳದ ಬಗೆ. 1967ರ ಡಿ-ಜೆಟ್ರಾನಿಕ್, 1974ರ ಎಲ್-ಜೆಟ್ರಾನಿಕ್ ಇಂಥವು. ಇವಕ್ಕೆ ಮಲ್ಟಿಮೀಟರ್ ಮತ್ತು ಗೇಜ್ ಸಾಕು.

ಮೂರನೆಯದು ತಪ್ಪನ್ನು ಕೋಡ್ ಆಗಿ ಉಳಿಸಿಕೊಂಡು, ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ಲೈಟ್ ಮಿನುಗಿಸಿ ಹೇಳುವ ಬಗೆ. ನಮ್ಮಲ್ಲಿನ 90ರ ದಶಕದ ಹಲವು ಜಪಾನಿ ಮೂಲದ ಕಾರುಗಳು, ಸಿಯೆಲೊ ಈ ಗುಂಪಿನವು.

ನಾಲ್ಕನೆಯದು ಕಂಪ್ಯೂಟರ್ ಜೊತೆ ಮಾತಾಡುತ್ತದೆ, ಆದರೆ ಕಂಪನಿಯ ಸ್ವಂತ ಭಾಷೆಯಲ್ಲಿ. ಹೆಚ್ಚು ಗೊಂದಲ ಇರುವುದು ಇಲ್ಲೇ. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಎಲ್ಲ ಕಂಪನಿಗಳ ಕಾರನ್ನೂ ಒಂದೇ ಸ್ಕ್ಯಾನರಿನಿಂದ ಓದಲಾಗುವ ಓಬಿಡಿ-2 ಮಾದರಿ ಕಡ್ಡಾಯವಾಯಿತು. ಭಾರತದಲ್ಲಿ ಓಬಿಡಿ-1 ಕಡ್ಡಾಯವಾಗಿದ್ದು 2010ರ ಏಪ್ರಿಲ್‌ನಲ್ಲಿ, ಓಬಿಡಿ-2 ಬಂದಿದ್ದು 2013ರ ಏಪ್ರಿಲ್‌ನಲ್ಲಿ. ಹಾಗಾಗಿ ನಿಮ್ಮ 2002ರ ಕಾರಿನ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಕಪ್ಲರ್ ಕಂಡರೂ ಅದು ಓಬಿಡಿ-2 ಎಂದು ನಂಬಬೇಡಿ. ಆಕಾರ ಒಂದೇ, ಒಳಗಿನ ಭಾಷೆ ಬೇರೆ ಇರಬಹುದು.

ಟಾರ್ಚ್ ಹಾಕಿ ಆ ಕಪ್ಲರ್ ಒಳಗೆ ನೋಡಿ. 4 ಮತ್ತು 5 ಅರ್ಥ್, 16 ಬ್ಯಾಟರಿ. 7ನೇ ಜಾಗದಲ್ಲಿ ಲೋಹದ ಪಿನ್ ಇದ್ದರೆ ಕೆ-ಲೈನ್ ಎಂಬ ಹಳೆಯ ಪದ್ಧತಿ ಇರುವ ಸಾಧ್ಯತೆ ಜಾಸ್ತಿ. 6 ಮತ್ತು 14 ಎರಡೂ ತುಂಬಿದ್ದರೆ ಕ್ಯಾನ್ ಎಂಬ ಹೊಸ ಪದ್ಧತಿ. ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಕೇಬಲ್ ಕೊಳ್ಳುವಾಗ ಈ ಫೋಟೊ ಬೇಕಾಗುತ್ತದೆ.

ಹಂತ 2: ವರ್ಕ್‌ಶಾಪ್ ಮ್ಯಾನ್ಯುಯಲ್ ಹುಡುಕಿ

ನನ್ನ ಪ್ರಕಾರ ಮೊದಲ ಉಪಕರಣ ಇದೇ. ಮೀಟರ್ 2,400 ಓಮ್ ತೋರಿಸಿದರೆ ಅದು ಸರಿಯೋ ತಪ್ಪೋ ಎಂದು ಹೇಳುವುದು ಪುಸ್ತಕ ಮಾತ್ರ.

ನಮ್ಮ ಕಾರಿನ ಹೆಸರಲ್ಲಿ ಹುಡುಕಿದರೆ ಮ್ಯಾನ್ಯುಯಲ್ ಸಿಗುವುದು ಕಷ್ಟ. ಹೊರದೇಶದ ಹೆಸರಲ್ಲಿ ಹುಡುಕಿ. ಝೆನ್ ಯುರೋಪಿಗೆ ಸುಜುಕಿ ಆಲ್ಟೊ ಎಂಬ ಹೆಸರಲ್ಲಿ ಹೋಗುತ್ತಿತ್ತು. ಎಸ್ಟೀಮ್‌ಗೆ ಸುಜುಕಿ ಕಲ್ಟಸ್ ಸಾಲಿನ ಪುಸ್ತಕಗಳು ಹತ್ತಿರ. ಸ್ಯಾಂಟ್ರೊ ಎಂದರೆ ಅಟೋಸ್. ಸಿಯೆಲೊ ಎಂದರೆ ನೆಕ್ಸಿಯಾ. ಎಂಜಿನ್ ಕೋಡ್ ಹೊಂದುತ್ತದೆಯೇ ನೋಡಿ, ಆಮೇಲೆ ವೈರುಗಳ ಬಣ್ಣ ಹೋಲಿಸಿ. ಒಂದೆರಡು ವೈರ್ ಬಣ್ಣ ಬೇರೆ ಇದ್ದರೂ ಸೆನ್ಸರ್‌ಗಳ ಅಳತೆ ಸಾಮಾನ್ಯವಾಗಿ ಒಂದೇ ಇರುತ್ತದೆ.

ಪೂರ್ತಿ ಪುಸ್ತಕ ಬೇಡ. ಇಂಜೆಕ್ಷನ್ ವೈರಿಂಗ್ ನಕ್ಷೆ, ಇಸಿಎಂ ಕಪ್ಲರಿನ ಪಿನ್ ಪಟ್ಟಿ, ಸೆನ್ಸರ್ ಅಳತೆಗಳು, ಪೆಟ್ರೋಲ್ ಪ್ರೆಷರ್, ಕೋಡ್ ಪಟ್ಟಿ. ಈ ಪುಟಗಳನ್ನು ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ರಸ್ತೆಯಲ್ಲಿ ಕಾರು ನಿಂತಾಗ ಸ್ಥಳೀಯ ಎಲೆಕ್ಟ್ರಿಷಿಯನ್ ಕೈಗೆ ಆ ನಕ್ಷೆ ಕೊಟ್ಟರೆ ಅವರ ಕೆಲಸವೂ ಸಲೀಸಾಗುತ್ತದೆ.

ಹಂತ 3: ಮಲ್ಟಿಮೀಟರ್

ಸುಮಾರು 800ರಿಂದ 1,500 ರೂಪಾಯಿ ಒಳಗೆ ಒಳ್ಳೆಯದೇ ಸಿಗುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಮೀಟರ್, ಎಲ್‌ಇಡಿ, ರೆಸಿಸ್ಟರ್, ಕ್ರೊಕೊಡೈಲ್ ಕ್ಲಿಪ್, ತೆಳು ವೈರ್ ಎಲ್ಲ ಒಂದೇ ಬೀದಿಯಲ್ಲಿ ಸಿಗುತ್ತವೆ. ಕೊಳ್ಳುವಾಗ ಮೂರು ವಿಷಯ ನೋಡಿ. ಆಟೊ ರೇಂಜ್ ಇರಲಿ. ಫ್ರೀಕ್ವೆನ್ಸಿ ಮತ್ತು ಡ್ಯೂಟಿ (ಸಿಗ್ನಲ್ ಶೇಕಡಾ ಎಷ್ಟು ಹೊತ್ತು ಆನ್ ಇರುತ್ತದೆ ಎಂಬುದು) ಅಳೆಯುವ ಬಟನ್ ಇರಲಿ. ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್ ಇರುವ ಡಿಜಿಟಲ್ ಮೀಟರ್ ಆಗಿರಲಿ, ಇಲ್ಲದಿದ್ದರೆ ಆಕ್ಸಿಜನ್ ಸೆನ್ಸರಿನ ಸಣ್ಣ ವೋಲ್ಟೇಜ್ ಸರಿಯಾಗಿ ತೋರಿಸುವುದಿಲ್ಲ. ಬಲ್ಬ್ ಇರುವ ಹಳೇ ಟೆಸ್ಟ್ ಲ್ಯಾಂಪನ್ನು ಇಸಿಎಂ ವೈರುಗಳಿಗೆ ತಾಗಿಸಲೇಬೇಡಿ. ಅದು ಎಳೆಯುವ ಕರೆಂಟಿಗೆ ಇಸಿಎಂ ಒಳಗಿನ ಟ್ರಾನ್ಸಿಸ್ಟರ್ ಸುಡಬಹುದು.

ಸೆನ್ಸರ್ ಕಡೆ ಹೋಗುವ ಮೊದಲು ಬ್ಯಾಟರಿ ಮತ್ತು ಅರ್ಥ್ ನೋಡಿ. ಇಪ್ಪತ್ತು ವರ್ಷ ದಾಟಿದ ಕಾರುಗಳಲ್ಲಿ ಅರ್ಧ ಕಾಯಿಲೆ ಇಲ್ಲೇ ಇರುತ್ತದೆ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ ಸುಮಾರು 12.6 ವೋಲ್ಟ್ ಇರಬೇಕು. ಸ್ಟಾರ್ಟ್ ಆದ ಮೇಲೆ 13.8ರಿಂದ 14.4. ಆಮೇಲೆ ಎಂಜಿನ್ ಓಡುತ್ತಿರುವಾಗ ಮೀಟರಿನ ಕಪ್ಪು ತುದಿಯನ್ನು ಬ್ಯಾಟರಿಯ ಮೈನಸ್ ಮೇಲೆ, ಕೆಂಪು ತುದಿಯನ್ನು ಇಸಿಎಂನ ಅರ್ಥ್ ಪಿನ್ ಮೇಲೆ ಇಡಿ. ಹೆಡ್‌ಲೈಟ್, ಬ್ಲೋವರ್ ಹಾಕಿ. 0.1 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಸರಿಯಿಲ್ಲ. ಬೋಲ್ಟ್ ಬಿಚ್ಚಿ, ತುಕ್ಕು ತೆಗೆದು, ಮರಳಿನ ಕಾಗದದಲ್ಲಿ ಉಜ್ಜಿ ಮತ್ತೆ ಬಿಗಿ ಮಾಡಿ. ಇದಕ್ಕೆ ಖರ್ಚಿಲ್ಲ. ಆದರೆ ಎಷ್ಟೋ "ಇಸಿಎಂ ಹೋಗಿದೆ" ಎಂಬ ತೀರ್ಪುಗಳು ಇದರಿಂದಲೇ ಸುಳ್ಳಾಗುತ್ತವೆ.

ಆಮೇಲೆ ಸೆನ್ಸರ್‌ಗಳು. ನಿಖರ ಅಳತೆಗೆ ನಿಮ್ಮ ಪುಸ್ತಕವೇ ಪ್ರಮಾಣ. ಆ ಕಾಲದ ಹೆಚ್ಚಿನ ಕಾರುಗಳಿಗೆ ಹೊಂದುವ ಅಂದಾಜು ಹೀಗಿದೆ.

ಕೂಲಂಟ್ ಟೆಂಪರೇಚರ್ ಸೆನ್ಸರ್: 20 ಡಿಗ್ರಿಯಲ್ಲಿ 2,200ರಿಂದ 2,700 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ಬಿಸಿ ಏರಿದಂತೆ ಓಮ್ ಇಳಿಯಬೇಕು. ಬಿಸಿ ಎಂಜಿನ್ ಇದ್ದಾಗಲೂ 2,000 ಓಮ್ ಮೇಲೆ ತೋರಿಸಿದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಎಂ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ. ಸೆನ್ಸರ್ ಪೂರ್ತಿ ಕಟ್ ಆಗಿಲ್ಲದಿದ್ದರೆ ಎಷ್ಟೋ ಹಳೆಯ ಇಸಿಎಂಗಳು ಕೋಡ್ ಹಾಕುವುದೂ ಇಲ್ಲ. ಮೀಟರ್ ಮಾತ್ರ ಇದನ್ನು ಹಿಡಿಯಬಲ್ಲದು.

ಥ್ರಾಟಲ್ ಪೊಸಿಷನ್ ಸೆನ್ಸರ್: ಕಾಲು ತೆಗೆದಾಗ ಸುಮಾರು ಅರ್ಧ ವೋಲ್ಟ್, ಪೂರ್ತಿ ಒತ್ತಿದಾಗ 4 ವೋಲ್ಟಿಗಿಂತ ಮೇಲೆ. ನಿಧಾನವಾಗಿ ಒತ್ತುತ್ತಾ ಹೋಗಿ. ನಡುವೆ ಎಲ್ಲೂ ಜಿಗಿಯಬಾರದು, ಸೊನ್ನೆಗೆ ಇಳಿಯಬಾರದು. ಪಿಕಪ್ ಕೊಡುವಾಗ ಕಾರು ಎಳೆದು ಎಳೆದು ಹೋಗುತ್ತಿದ್ದರೆ ಇಲ್ಲಿ ನೋಡಿ.

ಇಂಜೆಕ್ಟರ್: ಸಾಮಾನ್ಯವಾಗಿ 12ರಿಂದ 16 ಓಮ್. ನಾಲ್ಕೂ ಹೆಚ್ಚುಕಡಿಮೆ ಒಂದೇ ಇರಬೇಕು. 2-3 ಓಮಿನ ಇಂಜೆಕ್ಟರ್‌ಗಳೂ ಇವೆ, ಸಾಮಾನ್ಯವಾಗಿ ಅವುಗಳ ಜೊತೆ ಬೇರೆ ರೆಸಿಸ್ಟರ್ ಪೆಟ್ಟಿಗೆ ಇರುತ್ತದೆ. ಅಂಥವಕ್ಕೆ ನೇರವಾಗಿ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತವೆ.

ಆಕ್ಸಿಜನ್ ಸೆನ್ಸರ್: ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 0.1 ಮತ್ತು 0.9 ವೋಲ್ಟ್ ನಡುವೆ ಓಲಾಡುತ್ತಿರಬೇಕು. ಕೆಳಗಿನ ಅಂಕಿಯಲ್ಲೇ ನಿಂತಿದ್ದರೆ ತಕ್ಷಣ ಸೆನ್ಸರ್ ಬದಲಿಸಬೇಡಿ. ಏರ್ ಕ್ಲೀನರ್ ಪೈಪಿನೊಳಗೆ ಸ್ವಲ್ಪ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡಿ. ವೋಲ್ಟೇಜ್ ತಕ್ಷಣ ಮೇಲೇರಿದರೆ ಸೆನ್ಸರ್ ಸರಿಯಾಗಿಯೇ ಇದೆ. ಎಂಜಿನ್ನೇ ನಿಜವಾಗಿ ಪೆಟ್ರೋಲ್ ಕಡಿಮೆ ಕುಡಿಯುತ್ತಿದೆ, ಆ ಕಾರಣ ಹುಡುಕಬೇಕು.

1995ರಲ್ಲಿ ಪುಣೆಯಲ್ಲಿ ತಯಾರಾಗಲು ಶುರುವಾದ ಡಬ್ಲ್ಯೂ124 ಮರ್ಸಿಡಿಸ್ ಇಟ್ಟುಕೊಂಡವರಿಗೆ ಒಂದು ಮಾತು. ಆ ಕಾಲದ ಈ ಮಾಡೆಲ್ಲಿನ ಎಂಜಿನ್ ವೈರಿಂಗ್‌ನ ಮೇಲ್ಪದರ ಬಿಸಿಗೆ ಪುಡಿಯಾಗಿ ಉದುರುವುದು ಪ್ರಪಂಚಕ್ಕೆಲ್ಲ ಗೊತ್ತಿರುವ ದೋಷ. ವೈರುಗಳು ಒಂದಕ್ಕೊಂದು ತಾಗಿದರೆ ಯಾವ ಸ್ಕ್ಯಾನರ್ ಹಾಕಿದರೂ ದಿನಕ್ಕೊಂದು ಕೋಡ್ ತೋರಿಸುತ್ತದೆ. ಮೊದಲು ಹೊರಗಿನ ಕವಚ ಸ್ವಲ್ಪ ಸರಿಸಿ ಕಣ್ಣಲ್ಲೇ ನೋಡಿ.

ಹಂತ 4: ಮಿನುಗುವ ಕೋಡ್ ಓದುವುದು

ಇದಕ್ಕೆ ಖರ್ಚು ಒಂದು ತುಂಡು ವೈರ್. ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ಲೈಟ್ ಉರಿಯುತ್ತದೆಯೇ ಮೊದಲು ನೋಡಿ. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಕೆಲವೊಮ್ಮೆ ಬಲ್ಬನ್ನೇ ತೆಗೆದಿರುತ್ತಾರೆ.

90ರ ದಶಕದ ಹೋಂಡಾಗಳಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಎರಡು ಪಿನ್ನಿನ ಒಂದು ಸಣ್ಣ ಸರ್ವಿಸ್ ಕಪ್ಲರ್ ಇರುತ್ತದೆ. ಕೀ ಆಫ್ ಇದ್ದಾಗ ಎರಡೂ ಪಿನ್ನನ್ನು ವೈರಿನಿಂದ ಸೇರಿಸಿ, ಆಮೇಲೆ ಕೀ ಆನ್ ಮಾಡಿ. ಉದ್ದದ ಮಿನುಗು ಹತ್ತು, ಚಿಕ್ಕದು ಒಂದು. ಒಂದು ಉದ್ದ, ನಾಲ್ಕು ಚಿಕ್ಕ ಅಂದರೆ 14, ಅಂದರೆ ಐಡ್ಲ್ ಕಂಟ್ರೋಲ್ ವಾಲ್ವ್ ಕಡೆಯ ದೂರು. 6 ಬಂದರೆ ಕೂಲಂಟ್ ಸೆನ್ಸರ್. 7 ಬಂದರೆ ಥ್ರಾಟಲ್ ಸೆನ್ಸರ್.

ಸಿಯೆಲೊದಲ್ಲಿ ಜನರಲ್ ಮೋಟರ್ಸ್ ಪದ್ಧತಿಯ 12 ಪಿನ್ನಿನ ಕಪ್ಲರ್ ಇದೆ. ಅದರ ಎ ಮತ್ತು ಬಿ ಪಿನ್ ಸೇರಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಬೇಕು. ಮೊದಲು 12 ಮಿನುಗುತ್ತದೆ: ಒಂದು ಸಲ, ಸ್ವಲ್ಪ ಬಿಡುವು, ಎರಡು ಸಲ. ಅದು ತಪ್ಪಲ್ಲ, ಎಂಜಿನ್ ತಿರುಗುತ್ತಿಲ್ಲ ಎಂದಷ್ಟೇ ಅರ್ಥ. ಪ್ರತಿ ಕೋಡ್ ಮೂರು ಸಲ ಬರುತ್ತದೆ. 12 ಮಾತ್ರ ಬರುತ್ತಿದ್ದರೆ ಬೇರೆ ಕೋಡ್ ಇಲ್ಲ.

ಸುಜುಕಿ ವಿನ್ಯಾಸದ ಹಲವು ಕಾರುಗಳಲ್ಲೂ ಡಯಾಗ್ನೋಸಿಸ್ ಟರ್ಮಿನಲ್ ಒಂದನ್ನು ಅರ್ಥ್ ಮಾಡಿದರೆ ಲೈಟ್ ಮಿನುಗುತ್ತದೆ. ಅಲ್ಲೂ 12 ಅಂದರೆ ಎಲ್ಲ ಸರಿ. ಆದರೆ ಯಾವ ಟರ್ಮಿನಲ್ ಎಂಬುದು ಮಾಡೆಲ್ಲಿಗೆ ತಕ್ಕಂತೆ ಬದಲಾಗುತ್ತದೆ, ಪುಸ್ತಕ ನೋಡದೆ ಯಾವುದನ್ನೂ ಯಾವುದಕ್ಕೂ ಸೇರಿಸಬೇಡಿ. ಹಳದಿ ಕಪ್ಲರ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಅವುಗಳ ತಂಟೆಗೆ ಹೋಗಲೇಬಾರದು.

ಕೋಡ್ ಸಿಕ್ಕ ಕೂಡಲೇ ಆ ಸೆನ್ಸರ್ ಕೊಳ್ಳಲು ಓಡಬೇಡಿ. ಕೋಡ್ ಹೇಳುವುದು ಸರ್ಕ್ಯೂಟಿನ ಹೆಸರು ಮಾತ್ರ. ಆ ದಾರಿಯಲ್ಲಿ ಸೆನ್ಸರ್ ಇದೆ, ಕಪ್ಲರ್ ಇದೆ, ಎರಡು ಮೂರು ವೈರ್ ಇದೆ, ಅರ್ಥ್ ಇದೆ. ಹಂತ 3ರ ಮೀಟರ್ ತೆಗೆದುಕೊಂಡು ಒಂದೊಂದಾಗಿ ನೋಡಬೇಕು. ಹಳೇ ಕಾರುಗಳಲ್ಲಿ ಹಸಿರು ತುಕ್ಕು ಹಿಡಿದ ಕಪ್ಲರ್ ಪಿನ್ ಸಿಗುವುದೇ ಜಾಸ್ತಿ.

ಹಂತ 5: ಪೆಟ್ರೋಲ್ ಪ್ರೆಷರ್ ಗೇಜ್

ಮಲ್ಟಿಮೀಟರ್ ನಂತರ ಕೊಳ್ಳಬೇಕಾದ್ದು ಇದು. 0ಯಿಂದ 7 ಬಾರ್ ತನಕ ತೋರಿಸುವ, ಬೇರೆ ಬೇರೆ ಜೋಡಣೆಗಳ ಕಿಟ್ ಸುಮಾರು 1,500ರಿಂದ 3,000 ರೂಪಾಯಿಗೆ ಸಿಗುತ್ತದೆ. ಅದೂ ಜಾಸ್ತಿ ಅನಿಸಿದರೆ ಒಂದು ಒಳ್ಳೆಯ ಗೇಜ್, ಹಿತ್ತಾಳೆಯ ಟಿ ಜೋಡಣೆ, ಇಂಜೆಕ್ಷನ್ ಕಾರಿಗೆಂದೇ ಇರುವ ಪೆಟ್ರೋಲ್ ಹೋಸ್, ನಾಲ್ಕು ಕ್ಲಾಂಪ್ ತಂದು ನೀವೇ ಮಾಡಿಕೊಳ್ಳಬಹುದು. ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಹೋಸ್ ವಿಷಯದಲ್ಲಿ ಚೌಕಾಸಿ ಬೇಡ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ತನಕ ಎಥನಾಲ್ ಇರುತ್ತದೆ, ಹಳೆಯ ರಬ್ಬರ್ ಅದಕ್ಕೆ ಬೇಗ ಬಿರುಕು ಬಿಡುತ್ತದೆ. ಎಥನಾಲ್ ತಾಳುವ ಹೋಸ್ ಎಂದೇ ಕೇಳಿ ತನ್ನಿ. ಗೇಜ್ ಹಾಕಲು ಬಿಚ್ಚಿದಾಗ ಕಾರಿನ ಹೋಸುಗಳನ್ನೂ ಬಗ್ಗಿಸಿ ನೋಡಿ.

ಬಿಚ್ಚುವ ಮೊದಲು ಪ್ರೆಷರ್ ಇಳಿಸಬೇಕು. ಎಂಜಿನ್ ಓಡುತ್ತಿರುವಾಗ ಫ್ಯೂಯೆಲ್ ಪಂಪಿನ ರಿಲೇ ಅಥವಾ ಫ್ಯೂಸ್ ತೆಗೆಯಿರಿ. ಎಂಜಿನ್ ತಾನೇ ನಿಲ್ಲುತ್ತದೆ. ಇನ್ನೊಂದೆರಡು ಸಲ ಸೆಲ್ಫ್ ಹೊಡೆಯಿರಿ. ಬ್ಯಾಟರಿ ಮೈನಸ್ ಬಿಚ್ಚಿ. ಎಂಜಿನ್ ತಣ್ಣಗಿರಲಿ, ಬಯಲಲ್ಲಿ ಕೆಲಸ ಮಾಡಿ, ಹೋಸ್ ಸುತ್ತ ಬಟ್ಟೆ ಸುತ್ತಿ ಬಿಚ್ಚಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವ ದೂರದಲ್ಲಿರಲಿ. ಇದು ಸುಮ್ನೆ ಹೇಳುವ ಮಾತಲ್ಲ.

ಈಗ ಓದುವ ಕ್ರಮ. ಹೆಚ್ಚಿನ ಎಂಪಿಎಫ್‌ಐ ಕಾರುಗಳಲ್ಲಿ ಪ್ರೆಷರ್ 2.5ರಿಂದ 3 ಬಾರ್. ಗೇಜಿನಲ್ಲಿ ಪಿಎಸ್‌ಐ ಇದ್ದರೆ 3 ಬಾರ್ ಅಂದರೆ ಸುಮಾರು 43. ಐಡ್ಲಿಂಗ್‌ನಲ್ಲಿ ಓದಿ, ಆಮೇಲೆ ಪ್ರೆಷರ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಮೇಲಿನ ಸಣ್ಣ ವ್ಯಾಕ್ಯೂಮ್ ಹೋಸ್ ಕಳಚಿ. ಸುಮಾರು ಅರ್ಧ ಬಾರ್ ಮೇಲೇರಬೇಕು. ಏರದಿದ್ದರೆ ರೆಗ್ಯುಲೇಟರ್ ಕೆಲಸ ಮಾಡುತ್ತಿಲ್ಲ, ಅಥವಾ ಆ ಹೋಸಿನಲ್ಲಿ ವ್ಯಾಕ್ಯೂಮೇ ಬರುತ್ತಿಲ್ಲ. ಕಳಚಿದ ಹೋಸಿನಲ್ಲಿ ಪೆಟ್ರೋಲ್ ತೇವ ಕಂಡರೆ ರೆಗ್ಯುಲೇಟರಿನ ಡಯಾಫ್ರಾಮ್ ಹರಿದಿದೆ. ಇದೊಂದು ಪರೀಕ್ಷೆಗೆ ಗೇಜೂ ಬೇಕಿಲ್ಲ.

ಬಿಸಿ ಇದ್ದಾಗ ಸ್ಟಾರ್ಟ್ ಆಗಲು ತಡವಾಗುವುದು ಹಳೇ ಕಾರುಗಳ ದೊಡ್ಡ ದೂರು. ಅದಕ್ಕೆ ಹೀಗೆ ಮಾಡಿ. ಎಂಜಿನ್ ಆಫ್ ಮಾಡಿ ಗೇಜ್ ನೋಡುತ್ತಿರಿ. ಪ್ರೆಷರ್ ನಿಧಾನವಾಗಿ ಇಳಿದರೆ ಸರಿ. ಸರ್ರನೆ ಬಿದ್ದರೆ ಎಲ್ಲೋ ಸೋರಿಕೆ ಇದೆ. ಮತ್ತೆ ಸ್ಟಾರ್ಟ್ ಮಾಡಿ, ಆಫ್ ಮಾಡಿದ ಕೂಡಲೇ ಟ್ಯಾಂಕಿಗೆ ವಾಪಸ್ ಹೋಗುವ ರಬ್ಬರ್ ಹೋಸನ್ನು ಹೋಸ್ ಹಿಸುಕುವ ಕ್ಲಾಂಪಿನಿಂದ ಮುಚ್ಚಿ. ಈಗ ಪ್ರೆಷರ್ ನಿಂತರೆ ರೆಗ್ಯುಲೇಟರ್ ಸೋರುತ್ತಿದೆ. ನಿಲ್ಲದಿದ್ದರೆ ಮುಂದಿನ ಸಲ ಪಂಪಿನಿಂದ ಬರುವ ಹೋಸ್ ಮುಚ್ಚಿ. ಆಗ ನಿಂತರೆ ಪಂಪ್ ಒಳಗಿನ ಚೆಕ್ ವಾಲ್ವ್ ಹೋಗಿದೆ. ಎರಡೂ ಮುಚ್ಚಿದಾಗಲೂ ಬಿದ್ದರೆ ಇಂಜೆಕ್ಟರ್ ಒಳಗೆ ತೊಟ್ಟಿಕ್ಕುತ್ತಿದೆ. ಗಟ್ಟಿ ಪ್ಲಾಸ್ಟಿಕ್ ಪೈಪನ್ನು ಮಾತ್ರ ಹಿಸುಕಬೇಡಿ, ಸೀಳಿಹೋಗುತ್ತದೆ. ಮೂರು ಭಾಗಗಳಲ್ಲಿ ಯಾವುದನ್ನು ಬದಲಿಸಬೇಕು ಎಂದು ಹತ್ತು ನಿಮಿಷದಲ್ಲಿ ಗೊತ್ತಾಯಿತು, ಅಲ್ವಾ? ಯಾವ ಸ್ಕ್ಯಾನರೂ ಇದನ್ನು ಹೇಳುವುದಿಲ್ಲ.

ಕೆ-ಜೆಟ್ರಾನಿಕ್ ಕಾರಿನಲ್ಲಿ ಮುಖ್ಯ ಪ್ರೆಷರ್ ಸುಮಾರು 5 ಬಾರ್ ಇರುತ್ತದೆ, ಅದರ ಜೊತೆ ಕಂಟ್ರೋಲ್ ಪ್ರೆಷರ್ ಎಂಬ ಎರಡನೇ ಅಳತೆಯೂ ಬೇಕು. ಅದಕ್ಕೆ ನಡುವೆ ಮುಚ್ಚುವ ವಾಲ್ವ್ ಇರುವ ಗೇಜ್ ತೆಗೆದುಕೊಳ್ಳಿ. ಬೇರೆ ಉಪಕರಣಗಳ ದುಡ್ಡು ಉಳಿಸಿಯಾದರೂ ಇದಕ್ಕೆ ಹಾಕಿ. ನಂತರ ಬಂದ ಕೆಇ-ಜೆಟ್ರಾನಿಕ್ ಮರ್ಸಿಡಿಸ್‌ಗಳಲ್ಲಿ ಎಂಜಿನ್ ಕಡೆಯ ಡಯಾಗ್ನೋಸ್ಟಿಕ್ ಸಾಕೆಟ್ಟಿನಲ್ಲಿ ಮಲ್ಟಿಮೀಟರಿನ ಡ್ಯೂಟಿ ಬಟನ್ ಒತ್ತಿ ಓದಬಹುದು. ಬಿಸಿ ಎಂಜಿನ್‌ನಲ್ಲಿ 50% ಆಸುಪಾಸು ಓಲಾಡುತ್ತಿದ್ದರೆ ಆರೋಗ್ಯ. ಒಂದೇ ಅಂಕಿಯಲ್ಲಿ ನಿಂತಿದ್ದರೆ ಅದೇ ಒಂದು ಸೂಚನೆ, ಪುಸ್ತಕದ ಪಟ್ಟಿ ನೋಡಿ.

ಹಂತ 6: ವ್ಯಾಕ್ಯೂಮ್ ಗೇಜ್

ಬೆಲೆ ಕಡಿಮೆ, ಹೇಳುವ ವಿಷಯ ಜಾಸ್ತಿ. ಇಂಟೇಕ್ ಮ್ಯಾನಿಫೋಲ್ಡಿನ ಒಂದು ಹೋಸಿಗೆ ಸೇರಿಸಿ, ಐಡ್ಲಿಂಗ್‌ನಲ್ಲಿ ಓದಿ. ಪುಸ್ತಕಗಳು 18ರಿಂದ 21 ಇಂಚು (ಪಾದರಸದ ಲೆಕ್ಕ) ಇರಬೇಕು ಎನ್ನುತ್ತವೆ. ಅದು ಸಮುದ್ರ ಮಟ್ಟದ ಲೆಕ್ಕ. ಸಾವಿರ ಅಡಿ ಮೇಲೇರಿದರೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ 19 ತೋರಿಸುವ ಎಂಜಿನ್ ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸುತ್ತದೆ, ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಎಂಜಿನ್ ಚೆನ್ನಾಗಿಯೇ ಇದೆ. ಕೀ ಆನ್ ಮಾಡಿದಾಗ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್) ಕೊಡುವ ವೋಲ್ಟೇಜಿಗೂ ಇದೇ ಲೆಕ್ಕ. ಬೆಂಗಳೂರಿನಲ್ಲಿ ಅದು ಪುಸ್ತಕದ ಸಮುದ್ರ ಮಟ್ಟದ ಅಂಕಿಗಿಂತ ಕಡಿಮೆ ಬರುತ್ತದೆ. ಹಾಗೆ ಬಂತೆಂದು ಸೆನ್ಸರ್ ಬದಲಿಸಬೇಡಿ.

ಮುಳ್ಳು ಸ್ಥಿರವಾಗಿದ್ದು ಅಂಕಿ ಕಡಿಮೆ ಇದ್ದರೆ ಗಾಳಿ ಸೋರಿಕೆ ಅಥವಾ ಟೈಮಿಂಗ್ ನೋಡಿ. ಮುಳ್ಳು ಒಂದೇ ತಾಳದಲ್ಲಿ ತಪ್ಪುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಎಂಜಿನ್ ರೇಸ್ ಮಾಡಿ ಹಿಡಿದಾಗ ಅಂಕಿ ನಿಧಾನವಾಗಿ ಇಳಿಯುತ್ತಾ ಹೋದರೆ ಸೈಲೆನ್ಸರ್ ಅಥವಾ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ.

ಹಂತ 7: ಮನೆಯಲ್ಲೇ ಮಾಡುವ ಇಂಜೆಕ್ಟರ್ ಲೈಟ್

ಒಂದು ಎಲ್‌ಇಡಿ, ಸಾಲಾಗಿ ಒಂದು 1 ಕಿಲೋಓಮ್ ರೆಸಿಸ್ಟರ್, ಎರಡು ತೆಳು ಪಿನ್. ಇಂಜೆಕ್ಟರ್ ಕಪ್ಲರ್ ಕಳಚಿ ಅದರಲ್ಲಿ ಸಿಕ್ಕಿಸಿ, ಒಬ್ಬರನ್ನು ಸೆಲ್ಫ್ ಹೊಡೆಯಲು ಹೇಳಿ. ಎಲ್‌ಇಡಿ ಉರಿಯದಿದ್ದರೆ ತಿರುಗಿಸಿ ಹಾಕಿ ನೋಡಿ, ಅದಕ್ಕೆ ಪ್ಲಸ್ ಮೈನಸ್ ಇದೆ.

ಕಾರು ಸ್ಟಾರ್ಟೇ ಆಗುತ್ತಿಲ್ಲ ಎನ್ನುವಾಗ ಇದು ದಾರಿ ತೋರಿಸುತ್ತದೆ. ಮಿನುಗುವುದೂ ಇಲ್ಲ, ಪ್ಲಗ್ಗಿನಲ್ಲಿ ಕಿಡಿಯೂ ಇಲ್ಲ ಎಂದರೆ ಎರಡಕ್ಕೂ ಮೂಲವಾದ ಕ್ರ್ಯಾಂಕ್ ಸೆನ್ಸರ್ ಅಥವಾ ಡಿಸ್ಟ್ರಿಬ್ಯೂಟರ್ ಒಳಗಿನ ಪಿಕಪ್ ನೋಡಿ, ಮೇನ್ ರಿಲೇ ನೋಡಿ. ಕಿಡಿ ಇದೆ, ಮಿನುಗುವುದಿಲ್ಲ ಎಂದರೆ ಇಂಜೆಕ್ಟರಿನ 12 ವೋಲ್ಟ್ ಅಥವಾ ವೈರಿಂಗ್. ಎರಡೂ ಇದ್ದರೆ ಹಂತ 5ರ ಗೇಜ್ ತೆಗೆಯಿರಿ.

ಹಂತ 8: ಎಮಿಷನ್ ಟೆಸ್ಟ್ ಸೆಂಟರನ್ನು ಬಳಸಿಕೊಳ್ಳಿ

ಗ್ಯಾಸ್ ಅನಲೈಸರ್ ನಾವು ಕೊಳ್ಳಲು ಆಗುವುದಿಲ್ಲ. ಆದರೆ ಪ್ರತಿ ಊರಲ್ಲೂ ಒಂದು ಇದೆ. ಎಮಿಷನ್ ಸರ್ಟಿಫಿಕೇಟ್ ಮಾಡಿಸುವಾಗ ಬರೀ ಕಾಗದ ತೆಗೆದುಕೊಂಡು ಬರಬೇಡಿ, ಅಂಕಿಗಳನ್ನು ಓದಿ. ಬಿಎಸ್-2ಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ 3%, ಬಿಎಸ್-2 ಮತ್ತು ಬಿಎಸ್-3ಕ್ಕೆ 0.5%. ಕಾನೂನಿನ ಮಿತಿ 3% ಇದ್ದರೂ ಕನ್ವರ್ಟರ್ ಇರುವ ಆರೋಗ್ಯವಂತ ಎಂಪಿಎಫ್‌ಐ ಎಂಜಿನ್ ಬಿಸಿಯಾದಾಗ ಅದಕ್ಕಿಂತ ತುಂಬಾ ಕೆಳಗಿರುತ್ತದೆ. 2.5% ಬಂದು ಪಾಸಾದರೂ ಕಾರು ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಎಂದೇ ತಿಳಿಯಿರಿ. ಮಾನಾಕ್ಸೈಡ್ ಕಡಿಮೆ ಇದ್ದು ಹೈಡ್ರೋಕಾರ್ಬನ್ ಮಾತ್ರ ಜಾಸ್ತಿ ಬಂದರೆ ಒಂದು ಸಿಲಿಂಡರಿನಲ್ಲಿ ಸರಿಯಾಗಿ ಉರಿಯುತ್ತಿಲ್ಲ. ಪ್ಲಗ್, ಕೇಬಲ್, ಗಾಳಿ ಸೋರಿಕೆ ನೋಡಿ. ರಿಪೇರಿಗೆ ಮೊದಲು ಒಂದು ಸಲ, ಆದ ಮೇಲೆ ಒಂದು ಸಲ ಅದೇ ಸೆಂಟರಿನಲ್ಲಿ ಓದಿಸಿದರೆ ಕೆಲಸ ನಿಜವಾಗಿ ಆಗಿದೆಯೇ ಎಂದು ಗೊತ್ತಾಗುತ್ತದೆ.

ಹಂತ 9: ಈಗ ಸ್ಕ್ಯಾನರ್

ಇಷ್ಟಾದ ಮೇಲೂ ಬೇಕು ಅನಿಸಿದರೆ ಮಾತ್ರ ಕೊಳ್ಳಿ. ಮಾರುಕಟ್ಟೆಯಲ್ಲಿ ಎದ್ದು ಕಾಣುವುದು ಇಎಲ್‌ಎಂ 327 ಎಂಬ ಬ್ಲೂಟೂತ್ ಡಬ್ಬಿ. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಕಂಪನಿ ಮಾಡಿದ ಚಿಪ್‌ನ ನಕಲುಗಳು ಇವು. 1.5 ಎಂದು ಬರೆದಿರುವುದು ಚೆನ್ನಾಗಿರುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ, ಆದರೆ ಮೂಲ ಕಂಪನಿ 1.5 ಎಂಬ ಆವೃತ್ತಿಯನ್ನು ಹೊರತಂದೇ ಇಲ್ಲ. 2.1 ಎಂದು ಬರೆದ ಅಗ್ಗದ ಡಬ್ಬಿಗಳಲ್ಲಿ ಹಲವು ಕಮಾಂಡ್‌ಗಳೇ ಇರುವುದಿಲ್ಲ. ನಮ್ಮಂಥ ಹಳೇ ಕಾರಿಗೆ ಬೇಕಾದ ಕೆ-ಲೈನ್ ಭಾಗವೇ ಎಷ್ಟೋ ಸಲ ಕೆಲಸ ಮಾಡುವುದಿಲ್ಲ. ಹೊಸ ಕಾರಿನಲ್ಲಿ ಓಡುತ್ತದೆ, ಹಳೇ ಕಾರಿನಲ್ಲಿ ಸುಮ್ಮನಾಗುತ್ತದೆ. ವಾಪಸ್ ಕೊಡುವ ಅವಕಾಶ ಇರುವ ಕಡೆ ಮಾತ್ರ ಕೊಳ್ಳಿ. ಕೆ-ಲೈನಿನ ಐಎಸ್‌ಒ 9141-2 ಮತ್ತು 14230 ಪದ್ಧತಿಗಳು ಎರಡೂ ಇವೆಯೇ ಎಂದು ಕೇಳಿ.

ಹಳೇ ಕಾರಿಗೆ ನಾನು ಹೇಳುವುದು ಕೆ-ಲೈನ್ ಮೂಲಕ ಮಾತಾಡುವ ಕೆಕೆಎಲ್ ಕೇಬಲ್. ಒಂದು ತುದಿ ಯುಎಸ್‌ಬಿ, ಇನ್ನೊಂದು 16 ಪಿನ್. ಹಳೇ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು. ಎಫ್‌ಟಿಡಿಐ ಚಿಪ್ ಇರುವುದನ್ನು ಆರಿಸಿ, ತೊಂದರೆ ಕಡಿಮೆ. ಫಿಯಟ್ ಇಟ್ಟುಕೊಂಡವರಿಗೆ ಮಲ್ಟಿಇಸಿಯುಸ್ಕ್ಯಾನ್ ಎಂಬ ಸಾಫ್ಟ್‌ವೇರ್ ಇದೆ. ಹಳೆಯ ಫಿಯಟ್‌ಗಳ ಮೂರು ಪಿನ್ನಿನ ಕಪ್ಲರಿಗೆ ಒಂದು ಅಡಾಪ್ಟರ್ ಬೇಕು. ಫೋಕ್ಸ್‌ವ್ಯಾಗನ್, ಸ್ಕೋಡಾಗಳಿಗೆ ವಿಸಿಡಿಎಸ್-ಲೈಟ್. ಸಿಯೆಲೊದಂಥ 12 ಪಿನ್ ಕಾರುಗಳಿಗೆ ಎಎಲ್‌ಡಿಎಲ್ (ಜನರಲ್ ಮೋಟರ್ಸ್ ಪದ್ಧತಿ) ಯುಎಸ್‌ಬಿ ಕೇಬಲ್ ಮತ್ತು ಟ್ಯೂನರ್‌ಪ್ರೊ ಸಾಫ್ಟ್‌ವೇರ್. ಸುಜುಕಿ ಕಾರುಗಳಿಗೆಂದೇ ಹವ್ಯಾಸಿಗಳು ಮಾಡಿದ ಆಪ್‌ಗಳೂ ಇವೆ. ಕೊಳ್ಳುವ ಮೊದಲು ನಿಮ್ಮ ಇಸಿಎಂ ಮೇಲಿನ ಭಾಗದ ನಂಬರ್ ಆ ಸಾಫ್ಟ್‌ವೇರಿನ ಪಟ್ಟಿಯಲ್ಲಿದೆಯೇ ನೋಡಿ. ಕಾರಿನ ಹೆಸರಿದ್ದರೆ ಸಾಲದು.

ಡಬ್ಲ್ಯೂ124ರ ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಎಲ್‌ಇಡಿ ಮತ್ತು ಬಟನ್ ಇರುವ ಸಣ್ಣ ಬ್ಲಿಂಕ್ ರೀಡರ್ ಸಿಗುತ್ತದೆ. ಸ್ವಂತ ಮಾಡುವವರೂ ಇದ್ದಾರೆ.

ವರ್ಷಕ್ಕೆ ಒಂದೆರಡು ಸಲ ಮಾತ್ರ ಬೇಕಾಗುವುದಾದರೆ ಕೊಳ್ಳಲೇಬೇಡಿ. ಹಳೆಯ ಬಾಷ್ ಅಥವಾ ಲಾಂಚ್ ಸ್ಕ್ಯಾನರ್ ಇಟ್ಟುಕೊಂಡ ಗ್ಯಾರೇಜುಗಳು ಈಗಲೂ ಇವೆ. ಕೆಲವು ನೂರು ರೂಪಾಯಿಗೆ ಓದಿಕೊಡುತ್ತಾರೆ. ಕೋಡನ್ನು ಅಳಿಸುವ ಮೊದಲು ಬರೆದುಕೊಡಿ ಎಂದು ಕೇಳಿ.

ಯಾವ ಕ್ರಮದಲ್ಲಿ ಕೊಳ್ಳಬೇಕು

ಮೊದಲ ತಿಂಗಳು ಮ್ಯಾನ್ಯುಯಲ್, ಮಲ್ಟಿಮೀಟರ್, ಎಲ್‌ಇಡಿ, ಜಂಪರ್ ವೈರ್. ಇಷ್ಟಕ್ಕೆ 2,000 ರೂಪಾಯಿ ಸಾಕು. ಆಮೇಲೆ ಪ್ರೆಷರ್ ಗೇಜ್, ವ್ಯಾಕ್ಯೂಮ್ ಗೇಜ್. ಆಮೇಲೆ ಬೇಕಿದ್ದರೆ ಕೇಬಲ್. ಯುಎಸ್‌ಬಿ ಆಸಿಲೋಸ್ಕೋಪ್ ಬಗ್ಗೆ ಆಸೆ ಇರುವವರು ಎರಡು ಚಾನೆಲ್ಲಿನ ಹ್ಯಾನ್‌ಟೆಕ್ ನೋಡಬಹುದು. ಆದರೆ ಇಗ್ನಿಷನ್ ಕಾಯಿಲ್ ಕಡೆ ವೋಲ್ಟೇಜ್ ಇಳಿಸುವ ಅಟೆನ್ಯುಯೇಟರ್ ಇಲ್ಲದೆ ತಾಗಿಸಿದರೆ ಲ್ಯಾಪ್‌ಟಾಪೂ ಹೋಗುತ್ತದೆ.

ಎಲ್ಲ ಉಪಕರಣವೂ ಕೈಗೆ ಬಂದ ಮೇಲೆ ಕಾರು ಚೆನ್ನಾಗಿ ಓಡುತ್ತಿರುವ ಒಂದು ದಿನ ಎಲ್ಲ ಅಳತೆ ತೆಗೆದು ಬರೆದಿಡಿ. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಪ್ರೆಷರ್, ರೆಗ್ಯುಲೇಟರ್ ಹೋಸ್ ಕಳಚಿದಾಗಿನ ಪ್ರೆಷರ್, ವ್ಯಾಕ್ಯೂಮ್, ತಣ್ಣಗಿದ್ದಾಗ ಮತ್ತು ಬಿಸಿ ಇದ್ದಾಗ ಕೂಲಂಟ್ ಸೆನ್ಸರಿನ ಓಮ್, ಥ್ರಾಟಲ್ ಸೆನ್ಸರಿನ ವೋಲ್ಟ್, ನಾಲ್ಕು ಇಂಜೆಕ್ಟರ್, ಎಮಿಷನ್ ಅಂಕಿ. ಪಕ್ಕದಲ್ಲಿ ಊರು ಮತ್ತು ಕಿಲೋಮೀಟರ್ ಬರೆಯಿರಿ. ಮುಂದೆ ಕಾರು ಕೈಕೊಟ್ಟ ದಿನ ಪುಸ್ತಕದ ಅಂದಾಜಿನ ಬದಲು ನಿಮ್ಮ ಕಾರಿನದೇ ಅಂಕಿ ಎದುರಿಗಿಟ್ಟುಕೊಂಡು ಹೋಲಿಸಬಹುದು. ಆ ಹಾಳೆಯನ್ನು ಮ್ಯಾನ್ಯುಯಲ್ ಪುಟಗಳ ಜೊತೆಗೇ ಡಿಕ್ಕಿಯಲ್ಲಿ ಇಡಿ.